ಅಂದದ್ದು ಅಂದ ಹಾಗೆ

ಫೋನು ಮತ್ತೆ ಹೊಡೆದುಕೊಂಡಾಗ ಅವಳು ಅದನ್ನೆತ್ತಿ ವ್ಯಾನಿನ ಪಕ್ಕದ ಸೀಟಿನ ಮೇಲೆ ಬೋರಲು ಹಾಕಿದಳು. ಅತ್ತೆಯದೇ ಫೋನು. ಅಂಗಡಿಯಿಂದ ಏನೋ ಬೇಕಿರುತ್ತದೆ, ಇಲ್ಲವೇ ಟಿವಿಯಲ್ಲಿ ಚಾನೆಲ್ ಸಿಕ್ಕಿರುವುದಿಲ್ಲ. ನಿಜವಾಗಿ ಅವಸರವಿದ್ದರೆ ಗಂಡನೇ ಮಾಡುತ್ತಾನೆ.

ಬೆಳಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿದ ಮೇಲೆ ಮಧ್ಯಾಹ್ನ ವಾಪಸು ಕರೆದೊಯ್ಯುವ ತನಕ ಅವಳು ಓಡಿಸುವ ವ್ಯಾನಿಗೆ ಕೆಲಸವಿಲ್ಲ. ವ್ಯಾನಿಗೆ ಇಲ್ಲದ ಮೇಲೆ ಡ್ರೈವರಿಗೆ ಎಲ್ಲಿಯದು ಎಂಬುದು ಮನೆಯವರ ಲೆಕ್ಕ. ಅವಳ ಲೆಕ್ಕ ಬೇರೆ. ಶಾಲೆಯ ಕಾಂಪೌಂಡಿನ ನೆರಳಿಗೆ ಗಾಡಿ ನಿಲ್ಲಿಸಿ, ಸ್ಟೀರಿಂಗಿಗೆ ರೈಟಿಂಗ್ ಪ್ಯಾಡು ಒರಗಿಸಿಕೊಂಡು ಕೂತರೆ, ಒಂದು ಹಾಳೆ ತುಂಬುವವರೆಗೂ ಏಳಕೂಡದು ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದಳು. ಮೊದಮೊದಲು ಆ ಒಂದು ಹಾಳೆಗೇ ಬೆವರು ಕಿತ್ತುಬರುತ್ತಿತ್ತು. ಏನೂ ತೋಚದಿದ್ದಾಗ ಎದುರಿಗೆ ಕಂಡದ್ದನ್ನೇ ಬರೆದಳು: ಗೇಟಿನ ಕಾವಲುಗಾರ ಟೋಪಿ ತೆಗೆದು ತಲೆ ಕೆರೆದುಕೊಂಡದ್ದು, ಸೀಟಿನ ಸಂದಿಯಲ್ಲಿ ಸಿಕ್ಕ ಅರ್ಧ ತಿಂದ ಬಿಸ್ಕತ್ತು. ಓದಿ ನೋಡಿದರೆ ಅವಳಿಗೇ ನಗು. ಆದರೂ ಮಾರನೇ ದಿನ ಮತ್ತೆ ಕೂತಳು.

ಅದನ್ನು ಓದುತ್ತಿದ್ದವರು ಒಬ್ಬರೇ, ವ್ಯಾನಿನಲ್ಲಿ ಬರುವ ಒಂದು ಹುಡುಗಿಯ ತಾತ. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಲೇ ತಲೆ ನರೆಸಿಕೊಂಡವರು. ಈಗಲೂ ಜೇಬಿನಲ್ಲಿ ಕೆಂಪು ಪೆನ್ಸಿಲ್ ಇರಲಿಲ್ಲವೆಂದರೆ ಅವರಿಗೆ ಅಂಗಿ ತೊಟ್ಟ ಹಾಗೇ ಅನಿಸುತ್ತಿರಲಿಲ್ಲ. ಚೆನ್ನಾಗಿದೆ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ಒಂದು ವಾರ ‘ತುಂಬಾ’ ಎಂಬ ಪದ ಮುಟ್ಟದೆ ಬರೆಯಿರಿ ಎಂದರು. ಇನ್ನೊಂದು ವಾರ, ಕಥೆಯಲ್ಲಿ ಯಾರ ಕಣ್ಣಲ್ಲೂ ನೀರು ತರಿಸಬೇಡಿ ಎಂದರು. ಒಳಗೊಳಗೇ ಬೈದುಕೊಳ್ಳುತ್ತ ಅವಳು ಅವರು ಹೇಳಿದ ಹಾಗೇ ಮಾಡಿದಳು. ನೋಡನೋಡುತ್ತ ವಾಕ್ಯಗಳ ಬೊಜ್ಜು ಕರಗಿತು.

ಕೊನೆಗೊಂದು ಇಡೀ ಕಥೆಯಾಯಿತು. ಬೆನ್ನು ಕೈಕೊಟ್ಟು ಗಂಡ ಇನ್ನು ಸ್ಟೀರಿಂಗ್ ಹಿಡಿಯುವಂತಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಹೆಂಡತಿಯೇ ವ್ಯಾನು ಹತ್ತಿದ ಮೊದಲ ದಿನದ, ತನ್ನದೇ ಕಥೆ. ಅದರಲ್ಲಿ ಅತ್ತೆ ಬಾಗಿಲಲ್ಲಿ ನಿಂತು, ಹೋಗಿ ಬಾ ಮಗಳೇ ಎಂದು ಹರಸುತ್ತಾಳೆ. ಓದುತ್ತ ಬಂದ ತಾತನ ಪೆನ್ಸಿಲ್ಲು ಅಲ್ಲಿಗೆ ಬಂದು ನಿಂತಿತು.

“ಮಿಕ್ಕಿದ್ದೆಲ್ಲಾ ನಂಬಿದೆ ಅಮ್ಮ, ಈ ಅತ್ತೇನ ಮಾತ್ರ ನಂಬಕ್ಕಾಗಲಿಲ್ಲ,” ಎಂದರು. “ಇಲ್ಲಿ ಯಾರಿಗೋ ಹೆದರ್ಕೊಂಡು ಬರ್ದಿದ್ದೀರಿ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ವಾರ ಪೂರ್ತಿ ತಾತನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ವ್ಯಾನಿನಲ್ಲಿ ಕೂತು ಆ ಹಾಳೆ ಹರಿದು ಮತ್ತೆ ಬರೆದಳು. ಈ ಸಲದ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ, “ಗಂಡನ್ನ ಮೂಲೆಗೆ ಕೂರಿಸಿ ಮೆರೆಯೋಕೆ ಹೊರಟಳು” ಎಂದಳು.

ವಾರಪತ್ರಿಕೆಗೆ ಕಳಿಸಲೆಂದು ನಕಲು ಮಾಡಿಟ್ಟದ್ದು ಗಂಡನ ಕಣ್ಣಿಗೆ ಬಿತ್ತು. ಅವನು ಕೂಗಾಡುವ ಪೈಕಿಯವನಲ್ಲ. ಕಥೆ ಇರಲಿ, ಆ ಒಂದು ಮಾತು ತೆಗೆದುಬಿಡು ಎಂದ. ಅಮ್ಮನಿಗೆ ವಯಸ್ಸಾಯಿತು, ನಾಲ್ಕು ಜನ ಓದುತ್ತಾರೆ, ಬರೆದೇ ತೀರಬೇಕೆಂದು ನಿನ್ನ ಕುತ್ತಿಗೆ ಹಿಡಿದವರು ಯಾರು ಎಂದ. ಅವಳು ಎಲ್ಲ ಕೇಳಿಸಿಕೊಂಡಳು.

“ತೆಗೆಯಲ್ಲ ರೀ,” ಎಂದಳು. “ಮನೆ ಕೆಲಸ ಬಿಟ್ಟಿಲ್ಲ, ಗಾಡಿ ಒಂದಿನ ತಡ ಮಾಡಿಲ್ಲ. ಆ ಒಂದು ಹಾಳೆ ನಂದು.”

“ಹಾಗಿದ್ರೆ ಅಮ್ಮನ ಎದುರಿಗೇ ಓದು, ನೋಡೋಣ.”

ಅಷ್ಟಕ್ಕೆ ಅವಳು ತಣ್ಣಗಾಗುತ್ತಾಳೆ ಎಂದು ಅವನು ಎಣಿಸಿದ್ದ.

ರಜೆಯ ದಿನ ಅತ್ತೆ ಊಟದ ಮೇಜಿನ ತುಂಬ ಬಟಾಣಿ ಹರಡಿಕೊಂಡು ಸುಲಿಯುತ್ತಿದ್ದರು. ಅವಳು ಎದುರಿನ ಕುರ್ಚಿ ಎಳೆದುಕೊಂಡು, ನಾನೊಂದು ಕಥೆ ಬರೆದಿದ್ದೇನೆ, ಅದರಲ್ಲಿ ನೀವೂ ಇದ್ದೀರಿ ಎಂದಳು. ಅತ್ತೆ ಕತ್ತೆತ್ತಲಿಲ್ಲ, ಬೇಡ ಎನ್ನಲೂ ಇಲ್ಲ. ಗಂಡ ಬಾಗಿಲ ಚೌಕಟ್ಟಿಗೆ ಬೆನ್ನು ಆನಿಸಿ ನಿಂತ. ಅವಳು ಓದತೊಡಗಿದಳು. ಆ ಮಾತು ಬಂದಾಗ ದನಿ ತಗ್ಗಿಸದೆ, ತೊದಲದೆ ಬೀದಿಗೆ ಕೇಳುವ ಹಾಗೇ ಓದಿದಳು. ಅತ್ತೆಯ ಬೆರಳು ಅರ್ಧ ಬಿಡಿಸಿದ ಕಾಯಿಯ ಮೇಲೆ ನಿಂತುಬಿಟ್ಟಿತು.

ಓದಿ ಮುಗಿಯಿತು.

“ಇದು ತಪ್ಪು,” ಎಂದರು ಅತ್ತೆ.

ಗಂಡ, ನಾನು ಹೇಳಲಿಲ್ಲವೇ ಎಂಬಂತೆ ಹೆಂಡತಿಯ ಕಡೆ ನೋಡಿದ.

“ನಾನು ಅಂದಿದ್ದು ಇದಲ್ಲ,” ಅತ್ತೆ ಕಾಯಿಯನ್ನೇ ನೋಡುತ್ತ ಹೇಳಿದರು. “ಇದಕ್ಕಿಂತ ಕೆಟ್ಟದು. ‘ನನ್ನ ಮಗ ಸತ್ತೋದ ಅಂತ ತಿಳ್ಕೊಂಡ್ಯೇನೆ’ ಅಂದಿದ್ದೆ. ನೀನು ಗಾಡಿ ಸ್ಟಾರ್ಟ್ ಮಾಡಿದ್ದೆ, ನಿನಗೆ ಕೇಳಿಸಿರಲ್ಲ.”

“ಕೇಳಿಸಿತ್ತು ಅತ್ತೆ.”

ಅತ್ತೆ ತಲೆ ಎತ್ತಿದರು. “ಮತ್ತೆ ಯಾಕೆ ಬರೀಲಿಲ್ಲ?”

ಹರಿದು ಬರೆದದ್ದರಲ್ಲೂ ತಾನು ನಿಜವಾದ ಮಾತು ಕದ್ದಿದ್ದೇನೆ ಎಂಬುದು ಅವಳಿಗೆ ಈಗಷ್ಟೇ ಹೊಳೆಯಿತು. ತಾತನ ಪೆನ್ಸಿಲ್ಲಿಗೂ ಸಿಗದ ಕಳವು. ಗಂಡ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದ. ಆ ಮಾತನ್ನು ಅವನು ಕೇಳಿರಲಿಲ್ಲ. ಆ ಬೆಳಗ್ಗೆ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ.

“ಬರೆಯೋದಾದ್ರೆ ಅದನ್ನೇ ಬರಿ,” ಎಂದರು ಅತ್ತೆ. ಸ್ವಲ್ಪ ತಡೆದು, “ಹಾಗೇ, ನೀನು ವಾಪಸು ಬರೋ ತನಕ ನಾನು ಕಿಟಕಿ ಬಿಟ್ಟು ಕದಲಲಿಲ್ಲ, ಅದನ್ನೂ ಸೇರಿಸು.”

“ಅದನ್ನ ನಾನು ನೋಡಿಲ್ಲ,” ಎಂದಳು ಅವಳು.

“ನಾನು ಹೇಳ್ತಿದ್ದೀನಲ್ಲ.”

“ಹೇಳಿದ್ರಿ, ಕೇಳಿಸ್ಕೊಂಡೆ. ಕಥೆಗೆ ಬೇಕೋ ಬೇಡವೋ ನಾನು ನೋಡ್ತೀನಿ.”

ಅತ್ತೆಯ ತುಟಿ ಬಿಗಿಯಿತು. ಅವಳು ಪೆನ್ನಿನ ಮುಚ್ಚಳ ತೆಗೆದು, ಅಚ್ಚುಕಟ್ಟಾಗಿ ನಕಲು ಮಾಡಿದ್ದ ಹಾಳೆಯಲ್ಲಿ ಆ ಮಾತಿನ ಮೇಲೆ ಉದ್ದಕ್ಕೊಂದು ಗೀಟು ಎಳೆದಳು. ಮೇಜಿನ ಮೇಲೆ ಕೈ ಊರಲು ಜಾಗವಿರಲಿಲ್ಲ, ಕಂಡಲ್ಲೆಲ್ಲ ಬಟಾಣಿ ಸಿಪ್ಪೆ. ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಗ್ಗಿದಳು.

ಅತ್ತೆ ಅವಳತ್ತ ನೋಡದೆಯೇ, ಎರಡೂ ಕೈ ಅಗಲಿಸಿ, ಸಿಪ್ಪೆಯನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡರು.