ಒಂತೆ ಬೇನೆ

ಉಲ್ಹಾಸನಗರದ ನಮ್ಮ ಕಟ್ಟಡದ ತಳಮಹಡಿಯ ಗಾಳೆ ಎನ್ನುವ ಮಳಿಗೆಗಳಲ್ಲಿ ಜೀನ್ಸ್ ಹೊಲಿಯುವ ಯಂತ್ರಗಳು ಬೆಳಗಾಗುತ್ತಲೇ ಗುಂಯ್‌ಗುಡಲು ತೊಡಗುತ್ತವೆ. ಆ ಸದ್ದು ಗೋಡೆ ಹತ್ತಿ, ಮೆಟ್ಟಿಲ ಕಂಬಿಯಲ್ಲಿ ಸಣ್ಣಗೆ ನಡುಗಿ, ಮೂರನೆಯ ಮಹಡಿಯ ನನ್ನ ಬಾಗಿಲಿಗೆ ಬರುವಷ್ಟರಲ್ಲಿ ದೂರದ ಜೇನುಹುಟ್ಟಿನಂತೆ ಮೆತ್ತಗಾಗಿರುತ್ತದೆ. ಅದರೊಳಗಿನಿಂದ ಒಂದು ಚಪ್ಪಲಿಯ ಸದ್ದು ಬೇರೆಯಾಗಿ ಕೇಳುತ್ತದೆ. ಬಲಗಾಲು ಟಪ್ಪೆಂದು ಊರುತ್ತದೆ, ಎಡಗಾಲು ಸರ್ರೆಂದು ಎಳೆಯುತ್ತದೆ, ತಿರುವಿನಲ್ಲಿ ತುಸು ನಿಂತು, ಯಾರಾದರೂ ಕಂಡಾರೆಂಬ ಸಂಕೋಚದಿಂದಲೋ ಎಂಬಂತೆ ಮತ್ತೆ ಹೊರಡುತ್ತದೆ. ಪಕ್ಕದ ಮನೆಯ ಧರ್ಮಪಾಲಣ್ಣ ಹಾಲು ತರಲು ಇಳಿಯುತ್ತಿದ್ದಾರೆಂದು ನಾನು ಹಾಸಿಗೆಯಲ್ಲಿದ್ದೇ ತಿಳಿಯುತ್ತೇನೆ.

ಧರ್ಮಪಾಲಣ್ಣ ಕೂರುವುದಿಲ್ಲ. ಅವರನ್ನು ಮೊದಲು ನೋಡಿದವರಿಗೆ ಹೊಳೆಯುವ ಸಂಗತಿಯೇ ಇದು. ಫ್ರಿಜ್ಜಿನ ಮೇಲೆ ತಟ್ಟೆಯಿಟ್ಟು ನಿಂತೇ ಉಣ್ಣುತ್ತಾರೆ. ನಿಂತೇ ಪೇಪರು ಓದುತ್ತಾರೆ. ಮನೆಗೆ ಬಂದವರಿಗೆ ಕುರ್ಚಿ ಎಳೆದುಕೊಟ್ಟು, ತಾವು ಗೋಡೆಗೊರಗಿ, ಒಂದು ಕೈಯನ್ನು ಹೆಗಲಿನವರೆಗೆ ಎತ್ತಿ, ಅಲ್ಲಿ ಇಲ್ಲದ ಒರೆಸುವ ಬಟ್ಟೆಯನ್ನು ಸರಿಪಡಿಸುತ್ತಾ ಮಾತಾಡುತ್ತಾರೆ. "ಕುರ್ಚಿ ಅಂದ್ರೆ ಗಿರಾಕಿದ್ದು ತಂಗಿ, ಹೋಟೆಲಿನವನಿಗೆ ಎಂಥ ಕುರ್ಚಿ?" ಎಂದು ನಗುತ್ತಾರೆ. ಮೀಸೆ ಮೂಡುವ ಮೊದಲೇ ಕಾಪುವಿನ ಕಡೆಯಿಂದ ಬಂದು, ಠಾಣೆ, ಕಲ್ಯಾಣಗಳ ಹೋಟೆಲುಗಳಲ್ಲಿ ಸಪ್ಲಾಯರ್ ಆಗಿ, ಕೊನೆಗೆ ಮಹಾಪೆಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ನೆಲೆನಿಂತವರಿಗೆ ಈ ಮಾತು ಒಪ್ಪುತ್ತದೆ ಕೂಡ. ನಾನೂ ಬಹಳ ದಿನ ಅದನ್ನು ಹಾಗೆಯೇ ನಂಬಿದ್ದೆ. ನಿಜಸಂಗತಿಯನ್ನು ಹೇಳಿದವರು ಅವರ ಹೆಂಡತಿ ಸುಂದರಕ್ಕ. ಕ್ಯಾಂಟೀನಿನ ಒದ್ದೆ ಮೆಟ್ಟಿಲಿನಲ್ಲಿ ಸಾಂಬಾರಿನ ಹಂಡೆ ಹೊತ್ತು ಜಾರಿಬಿದ್ದ ದಿನದಿಂದ ಅವರ ಸೊಂಟದಿಂದ ಹಿಮ್ಮಡಿಯವರೆಗೆ ನೋವಿನ ಒಂದು ತಂತಿ ಸದಾ ಉರಿಯುತ್ತಿರುತ್ತದೆ. ಕೂರುವುದು ಹೇಗೋ ಆಗುತ್ತದೆ. ಕೂತಲ್ಲಿಂದ ಏಳುವುದನ್ನು ಇನ್ನೊಬ್ಬರು ನೋಡುವುದು ಅವರಿಗೆ ಬೇಡ.

ಇನ್ನು ಅವರ ಮಾತು. ತುಳುವಿನಲ್ಲಿ 'ಒಂತೆ' ಎಂದರೆ ಸ್ವಲ್ಪ. ಆದರೆ ಆ ನಾಡಿನವರ ಬಾಯಲ್ಲಿ ಅದು ಅಳತೆಯಲ್ಲ, ಮರ್ಯಾದೆ. ಒಂತೆ ಬನ್ನಿ, ಒಂತೆ ಸರಿಯಿರಿ, ಒಂತೆ ನೀರು ಕೊಡಿ ಎನ್ನುವಾಗ ಯಾರೂ ಅರ್ಧ ಲೋಟ ನೀರು ತರುವುದಿಲ್ಲ. ಧರ್ಮಪಾಲಣ್ಣ ಈ ಪದವನ್ನು ಊರಿನಿಂದ ತಂದು, ಹಿಂದಿಯಲ್ಲಿ 'ಥೋಡಾ' ಮಾಡಿಕೊಂಡು, ಅದರಲ್ಲೇ ಬದುಕು ಕಳೆದವರು. ಮಗಳು ನಿಶ್ಮಿತಾ ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾದಾಗಲೂ ಅವರು ಕಟ್ಟಡಕ್ಕೆಲ್ಲ ಸಾರಿದ್ದು, "ಲಡಕೀ ಥೋಡಾ ಪಾಸ್ ಹುಯೀ", ಹುಡುಗಿ ಸ್ವಲ್ಪ ಪಾಸಾದಳು ಎಂದು.

ಕಾರ್ಮಿಕ ವಿಮೆಯಲ್ಲಿ ಅಂಗವೈಕಲ್ಯದ ಪರಿಹಾರಕ್ಕೆ ಅರ್ಜಿ ಹಾಕಿದ್ದರು. ವೈದ್ಯರ ಮಂಡಳಿ ಕರೆದ ದಿನ ಅವರು ಮದುವೆಗೆ ಹೊರಟವರಂತೆ ಸಿಂಗರಿಸಿಕೊಂಡರಂತೆ. ಬಿಳಿ ಅಂಗಿಗೆ ಇಸ್ತ್ರಿ, ಕೂದಲಿಗೆ ಎಣ್ಣೆ. ಸದಾ ಅಂಗಿಯೊಳಗೆ ಬಿಗಿದಿರುವ ಸೊಂಟದ ಬೆಲ್ಟನ್ನು, ಅಂಗಿ ಉಬ್ಬಿ ಕಾಣುತ್ತದೆಂದು, ಬಿಚ್ಚಿ ಮನೆಯಲ್ಲೇ ಇಟ್ಟರು. ವೈದ್ಯರು ಕೂರಲು ಹೇಳಿದರೆ ಬೇಡವೆಂದರು. ನೋವೆಷ್ಟಿದೆ ಎಂದು ಕೇಳಿದರೆ ನಗುತ್ತಾ, "ಥೋಡಾ ಹೈ ಸಾಬ್" ಎಂದರು. ಮಂಡಳಿಯವರು ಕೇಳಿದ್ದನ್ನೇ ಬರೆದರು: ನೋವು ಅಲ್ಪ, ನಿಲ್ಲಲು ತೊಂದರೆಯಿಲ್ಲ, ಮೊದಲಿನ ಕೆಲಸಕ್ಕೆ ಹೋಗಬಹುದು. ಅರ್ಜಿ ತಿರಸ್ಕೃತವಾಯಿತು.

ಆ ತಿರಸ್ಕಾರದ ಪತ್ರ ಓದಿಸಲು ಅವರು ನನ್ನ ಬಾಗಿಲಿಗೆ ಬಂದ ಸಂಜೆ ಸುಂದರಕ್ಕನೂ ಹಿಂದೆಯೇ ಬಂದರು.

"ಕೇಳಿ ನೀವು, ಇವ್ರ ಚಂದ! ರಾತ್ರಿಯಿಡೀ ಗೋಡೆ ಹಿಡ್ಕೊಂಡು ನಿಲ್ಲುವ ಜನ, ಅಲ್ಲಿ ಹೋಗಿ ಥೋಡಾ ಅಂದ್ರಂತೆ!"

"ಮತ್ತೆ ಹೇಗೆ ಹೇಳೂದು ಮಾರಾಯ್ತಿ? ಡಾಕ್ಟ್ರು ಪಾಪ ಮರ್ಯಾದೆಯಲ್ಲಿ ಕೇಳಿದ್ದು. ಅವರ ಮುಖಕ್ಕೆ ಹೊಡೆದ ಹಾಗೆ ಹೇಳ್ಲಿಕ್ಕಾಗ್ತದಾ?"

"ಹಾಗಾದ್ರೆ ಹೋಗಿ, ನಾಳೆಯಿಂದ ಥೋಡಾ ಹಂಡೆ ಹೊರಿ!"

ಇದು ಬರಿಯ ಗೇಲಿಯಾಗಿರಲಿಲ್ಲ. ಕ್ಯಾಂಟೀನಿನ ಕಂತ್ರಾಟುದಾರ, ಡಾಕ್ಟರೇ ಸರಿಯಿದ್ದೀ ಅಂದ ಮೇಲೆ ಕೆಲಸಕ್ಕೆ ಬಾ, ಇಲ್ಲವೆಂದರೆ ಜಾಗ ಬಿಡು ಎಂದು ಹೇಳಿಕಳಿಸಿದ್ದ. ಹೋದರೆ ಇನ್ನೊಂದು ಹಂಡೆ, ಇನ್ನೊಂದು ಮೆಟ್ಟಿಲು. ಆಮೇಲೆ ನಿಲ್ಲುವುದೂ ಆಗದು ಎಂದು ಅವರನ್ನು ನೋಡುತ್ತಿದ್ದ ಡಾಕ್ಟರು ಎಚ್ಚರಿಸಿದ್ದರು. ಹೋಗದಿದ್ದರೆ ಮನೆಗೆ ಆಧಾರ ಸುಂದರಕ್ಕ ರುಬ್ಬಿ ಮಾರುವ ಇಡ್ಲಿ ಹಿಟ್ಟೊಂದೇ. ಮೇಲ್ಮನವಿಯನ್ನು ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಆದರೆ ಮೇಲಿನ ಮಂಡಳಿಯೂ ಅವರನ್ನು ಎದುರು ನಿಲ್ಲಿಸಿಕೊಂಡು ಕೇಳುವುದು ಅದೇ ಪ್ರಶ್ನೆಯನ್ನು. ಅದಕ್ಕೆ ಉತ್ತರ ಅವರ ಬಾಯಿಂದಲೇ ಬರಬೇಕಿತ್ತು.

ಹಾಗಾಗಿ ಆ ಮನೆಯಲ್ಲಿ ಒಂತೆ, ಥೋಡಾ, ಸ್ವಲ್ಪ, ಈ ಮೂರು ಪದಗಳಿಗೆ ನಿಷೇಧ ಬಂತು. ಕಾವಲಿಗೆ ನಿಂತವಳು ನಿಶ್ಮಿತಾ. ತಂದೆ ಕನ್ನಡದಲ್ಲೋ ತುಳುವಿನಲ್ಲೋ ಏನೇ ಕೇಳಿದರೂ ಅವಳ ಉತ್ತರ ಹಿಂದಿಯಲ್ಲಿ, ಈಗ ಒಂದೇ ಕೂಗು, "ಪಪ್ಪಾ, ಫಿರ್ ಬೋಲಾ!", ಮತ್ತೆ ಹೇಳಿದಿರಲ್ಲ ಎಂದು. ಪದ ಕಳೆದುಕೊಂಡ ಧರ್ಮಪಾಲಣ್ಣ ಮೂಕರಂತಾದರು. ನೀರು ಬೇಕಾದರೆ ಲೋಟ ತೋರಿಸುವರು. ದಾರಿ ಬಿಡಬೇಕಾದರೆ ಕೆಮ್ಮುವರು. ಒಂದು ದಿನ ರಿಕ್ಷಾದವನಿಗೆ ಮುಂದಿನ ತಿರುವಿನವರೆಗೆ ಹೋಗೆಂದು ಹೇಳಲು ಮಾತು ಸಿಗದೆ, ಎರಡು ಗಲ್ಲಿ ಹಿಂದೆಯೇ ಇಳಿದು ಕುಂಟುತ್ತಾ ಬಂದರು. "ಥೋಡಾ ಆಗೇ ಅನ್ನದೆ ಅವನಿಗೆ ಆರ್ಡರ್ ಮಾಡ್ಲಿಕ್ಕೆ ನಾನೇನು ಪೊಲೀಸಾ?" ಎಂದು ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನೇ ಕೇಳಿದರು. ನಾನು ನಕ್ಕೆ. ಅವರೂ ನಕ್ಕರು, ಆದರೆ ಕಂಬಿಯ ಮೇಲಿದ್ದ ಕೈಬೆರಳುಗಳು ಬೆಳ್ಳಗಾಗಿದ್ದವು.

ವಿಚಾರಣೆ ಠಾಣೆಯಲ್ಲಿ. ಸುಂದರಕ್ಕನಿಗೆ ಅಂದು ಒಂದು ಮುಂಜಿಮನೆಗೆ ಹಿಟ್ಟು ಕೊಡುವುದಿತ್ತು; ಐರೋಲಿಯ ನನ್ನ ಆಫೀಸಿಗೆ ರಜೆ ಹಾಕಿ ಜೊತೆಗೆ ನಾನು ಹೋದೆ. ಸುಂದರಕ್ಕನೇ ಬೆಲ್ಟನ್ನು ಅಂಗಿಯ ಮೇಲೆ, ಎಲ್ಲರಿಗೂ ಕಾಣುವಂತೆ ಕಟ್ಟಿ ಕಳಿಸಿದ್ದರು. ಲೋಕಲ್ ರೈಲಿನಲ್ಲಿ ಯಾರೋ ಅದನ್ನು ನೋಡಿ ಜಾಗ ಬಿಟ್ಟುಕೊಟ್ಟರು. ಧರ್ಮಪಾಲಣ್ಣ ತಲೆಬಾಗಿ ವಂದಿಸಿ, ಆ ಜಾಗದಲ್ಲಿ ನನ್ನನ್ನು ಕೂರಿಸಿದರು.

ಮೇಜಿನಾಚೆ ಮೂವರಿದ್ದರು. ನಡುವಿನಲ್ಲಿದ್ದ ನರೆಗೂದಲಿನ ವೈದ್ಯೆ ಕಾಗದಗಳನ್ನು ಬದಿಗೆ ಸರಿಸಿ, ಕನ್ನಡಕ ತೆಗೆದು, ನೋವೆಷ್ಟಿದೆ ಎಂಬ ಅದೇ ಪ್ರಶ್ನೆಯನ್ನು ಕೇಳಿದರು: "ದರ್ದ್ ಕಿತ್ನಾ ಹೈ?"

ಧರ್ಮಪಾಲಣ್ಣನ ನಾಲಿಗೆ ಹಲ್ಲಿಗೆ ತಾಗಿದ್ದು ನನಗೆ ಕಂಡಿತು. ಆ ಪದ ಅಲ್ಲಿಯವರೆಗೂ ಬಂದಿತ್ತು. ಅವರು ಬಾಯಿ ಮುಚ್ಚಿದರು. ಕೈ ಹೆಗಲಿಗೆ ಹೋಗಿ, ಹುಡುಕಿ, ಇಳಿಯಿತು. ಆಮೇಲೆ ನಿಧಾನವಾಗಿ ಹೇಳಿದರು: "ಮ್ಯಾಡಮ್, ಬೈಠ್ನೇ ಕೋ ಬೋಲೋ, ಬೈಠೂಂಗಾ. ಲೇಕಿನ್ ಉಠಾನೇ ಕೋ ಆಪ್ ಕೋ ಆನಾ ಪಡೇಗಾ." ಕೂರೆಂದರೆ ಕೂರುತ್ತೇನೆ, ಎಬ್ಬಿಸಲು ಮಾತ್ರ ನೀವೇ ಬರಬೇಕಾದೀತು.

ಪಕ್ಕದ ಇಬ್ಬರು ತಮಾಷೆಯೆಂದು ನಕ್ಕರು. ವೈದ್ಯೆ ನಗಲಿಲ್ಲ. ಕುರ್ಚಿ ತೋರಿಸಿ, "ಬಸಾ" ಎಂದರು. ಧರ್ಮಪಾಲಣ್ಣ ಕುಳಿತರು. ಅವರು ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು; ಕೂತಾಗ ಅವರು ಇನ್ನೂ ಸಣ್ಣವರಾಗಿ, ಯಾರದೋ ಮನೆಗೆ ಬಂದ ನೆಂಟರಂತೆ ಕಂಡರು. ಕ್ಯಾಂಟೀನು, ಊರು, ಮಗಳ ಓದು ಎಂದು ಏನೇನೋ ವಿಚಾರಿಸಿದ ಮೇಲೆ ವೈದ್ಯೆ ಮೆಲ್ಲನೆ, "ಆತಾ ಉಠಾ", ಈಗ ಏಳಿ, ಎಂದರು. ಧರ್ಮಪಾಲಣ್ಣ ಮೊದಲು ನಕ್ಕರು. ಕೈಗಳನ್ನು ಕುರ್ಚಿಗೆ ಊರಿದರು. ನಗು ಮುಖದಲ್ಲೇ ಉಳಿದು, ಅದರ ಹಿಂದಿನ ಬಣ್ಣ ಮಾತ್ರ ಇಳಿಯುತ್ತಾ ಹೋಯಿತು. ಅರ್ಧ ಎದ್ದ ದೇಹ ಗಾಳಿಯಲ್ಲಿ ತಡೆದು, ತಿರುಗಿ ಕುರ್ಚಿಗೆ ಬಿತ್ತು. ಇನ್ನೊಮ್ಮೆ ಏಳಲು ಹೋದಾಗ ವೈದ್ಯೆ ಮೇಜನ್ನು ಬಳಸಿ ಬಂದು ಅವರ ಮೊಣಕೈ ಹಿಡಿದರು. "ಬಹುತ್ ಹೈ ಮ್ಯಾಡಮ್," ತುಂಬಾ ಇದೆ ಎಂದರು ಧರ್ಮಪಾಲಣ್ಣ, ನೆಲ ನೋಡುತ್ತಾ. "ಬಹುತ್ ಹೈ."

ಹೊರಗೆ ಬಂದು ಚಹಾ ಕುಡಿಯುವಾಗ ಅವರಿಗೆ ಇದ್ದದ್ದು ಒಂದೇ ಚಿಂತೆ: "ಅಷ್ಟು ದೊಡ್ಡ ಡಾಕ್ಟ್ರಮ್ಮ, ಪಾಪ, ನನ್ನಿಂದಾಗಿ ಎದ್ದು ಬರಬೇಕಾಯ್ತಲ್ಲ."

ತೀರ್ಪು ಬರುವಾಗ ಮಳೆಗಾಲ ಮುಗಿದಿತ್ತು. ಹಿಂದಿನ ತಿರಸ್ಕಾರ ರದ್ದಾಗಿ, ಅಂಗವೈಕಲ್ಯ ಒಪ್ಪಿತವಾಗಿ, ಪರಿಹಾರ ಮಂಜೂರಾಗಿತ್ತು. ನೋವೇನೂ ಹೋಗಲಿಲ್ಲ. ಆದರೆ ಕಂತ್ರಾಟುದಾರನ ಫೋನು ಬಂದಾಗ ಧರ್ಮಪಾಲಣ್ಣ, "ಇಲ್ಲ, ಬರೂದಿಲ್ಲ" ಎಂದು ಹಿಂದೆ ಮುಂದೆ ಏನೂ ಸೇರಿಸದೆ ಹೇಳಿ ಇಟ್ಟದ್ದನ್ನು ಸುಂದರಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದು ನನಗೆ ತಿಳಿಸಿದರು.

ಈ ಮಹಾನಗರದ ಅಂಚಿನ ಊರುಗಳಲ್ಲಿ ಇಂಥವರು ಬಹಳ ಮಂದಿ ಇದ್ದಾರೆ. ಆಯುಷ್ಯವಿಡೀ ಬೇರೆಯವರನ್ನು 'ಇನ್ನೇನು ಬೇಕು' ಎಂದು ಕೇಳುತ್ತಲೇ ಬಂದವರಿಗೆ, ಅದೇ ಪ್ರಶ್ನೆ ತಮ್ಮತ್ತ ತಿರುಗಿದ ದಿನ ಕೈಯಲ್ಲಿ ಉತ್ತರವಿರುವುದಿಲ್ಲ. ನೋವನ್ನು ನುಂಗುವವರೆಂದು ನಾವು ಅವರನ್ನು ಹೊಗಳಿ ಸುಮ್ಮನಾಗುತ್ತೇವೆ. ಅವರಿಗೋ ಅದನ್ನು ಹೇಳಿ ರೂಢಿಯಿಲ್ಲ, ಅಷ್ಟೇ. ರೂಢಿ ಯಾವ ವಯಸ್ಸಿನಲ್ಲಾದರೂ ಆಗಬಹುದು. ಒಮ್ಮೆ ಆಯಿತೆಂದರೆ ಅದನ್ನೂ ಅವರು ತಮಗಾಗಿ ಇಟ್ಟುಕೊಳ್ಳುವವರಲ್ಲ.

ಮೊನ್ನೆ ಭಾನುವಾರ ಅಂಗಳದಲ್ಲಿ ಅವರೊಡನೆ ಮಾತಾಡುತ್ತಾ ನಿಂತಿದ್ದೆ. ಅಷ್ಟರಲ್ಲಿ ಹಿಂದಿನ ಚಾಳಿನ ಸೈದಪ್ಪ ಬಂದ. ಕಲಬುರಗಿ ಕಡೆಯವನು, ಬಣ್ಣದ ಗೋದಾಮಿನಲ್ಲಿ ಕೆಲಸ ಮಾಡುವಾಗ ಬೆನ್ನು ಉಳುಕಿಸಿಕೊಂಡವನು.

"ಧರ್ಮಣ್ಣಾರ, ನನ್ನ ಅರ್ಜೀನೂ ವಾಪಸ್ ಬಂತ್ರೀ. ಮ್ಯಾಲ ಏನೂ ಕಾಣವಲ್ದು ಅಂತ ಬರ್ದಾರ. ಒಳಗಿನ ಬ್ಯಾನಿ ಏನು ಹಣಿಮ್ಯಾಲ ಬೋರ್ಡ್ ಹಾಕ್ಕೊಂಡು ಬರ್ತದೇನ್ರೀ?"

ಧರ್ಮಪಾಲಣ್ಣ ಅವನ ಹೆಗಲಿಗೆ ಕೈ ಹಾಕಿದರು. ನನ್ನತ್ತ ತಿರುಗಿ, "ನೋಡಿ ತಂಗಿ, ಇವನದ್ದು ಒಂದು ಅಪೀಲು ಬರೀಲಿಕ್ಕುಂಟು. ಬರೆಯೂದು ನೀವು, ಆದ್ರೆ ಅದಕ್ಕಿಂತ ಮೊದ್ಲು ಇವ ಸರೀ ಬಾಯಿ ಬಿಟ್ಟು..." ಎನ್ನುತ್ತಿದ್ದಂತೆಯೇ ಸೈದಪ್ಪ ಗೇಟಿನತ್ತ ಹೆಜ್ಜೆ ಹಾಕಿದ, ಅವರೂ ಅವನ ಜೊತೆಯೇ ಹೊರಟರು, ಮಾತನ್ನು ಈಗ ಅವನ ಕಿವಿಗೆ ತಿರುಗಿಸಿ, ಬಿಡಿಸಿ ಬಿಡಿಸಿ ಹೇಳುತ್ತಾ, "ಡಾಕ್ಟ್ರು ಕೇಳಿದ ಕೂಡ್ಲೆ ನೀನು ಹೆದರದೆ, ಎಲ್ಲಿ, ಯಾವಾಗ, ಏನು ಮಾಡಿದ್ರೆ ನೋವು ಜಾಸ್ತಿ ಅಂತ ಒಂದೊಂದೇ ಹೇಳ್ಬೇಕು, ಥೋಡಾ ಅಂತ ಮಾತ್ರ ಹೇಳ್ಲಿಕ್ಕಿಲ್ಲ."