ಗಡಿ ಸಾಲಿನಲ್ಲಿ ಇಟ್ಟ ಹೆಸರು

ಮೆಲಿತೋನ್ ಹೊಸ ಲಾರಿ ಹತ್ತುವ ಮುಂಚೆ ಬೂಟು ಬಿಚ್ಚುತ್ತಿದ್ದ. ಅರೀಕಾ ಬಂದರಿನಲ್ಲಿ ಹಡಗಿನಿಂದ ಇಳಿದ ಲಾರಿಗಳನ್ನು ಬೆಟ್ಟ ಹತ್ತಿಸಿ, ಗಡಿ ದಾಟಿಸಿ, ಬೊಲಿವಿಯಾದ ಮಾಲೀಕರಿಗೆ ಮುಟ್ಟಿಸುವುದು ಅವನ ಕೆಲಸ. ಎಷ್ಟು ಲಾರಿ ಮುಟ್ಟಿಸಿದ್ದಾನೋ ಅವನಿಗೇ ಗೊತ್ತಿಲ್ಲ, ಒಂದೂ ಅವನದಲ್ಲ. ಸೀಟಿನ ಪ್ಲಾಸ್ಟಿಕ್ ಹರಿಯಬಾರದು, ಕಾಲಡಿಯ ರಟ್ಟು ಕೊಳೆಯಾಗಬಾರದು, ಒಳಗೆ ಕೂತು ಏನೂ ತಿನ್ನಬಾರದು. ಬರೀ ಉಣ್ಣೆ ಕಾಲುಚೀಲದಲ್ಲಿ ಕ್ಲಚ್ಚು ಒತ್ತಿ ಒತ್ತಿ ಅವನ ಎಡಗಾಲಿನ ಚೀಲ ಬಲಗಾಲಿನದಕ್ಕಿಂತ ಯಾವಾಗಲೂ ಮೊದಲು ತೂತಾಗುತ್ತಿತ್ತು.

ಪುತ್ರೆ ಎಂಬ ಊರಿನ ತಿರುವಿನಲ್ಲಿ ಸೂಪು ಕುಡಿಯಲು ನಿಂತಾಗ ಅನ್ಸೆಲ್ಮೋ ಆ ತೂತನ್ನೇ ನೋಡಿ ನಕ್ಕ. ಅನ್ಸೆಲ್ಮೋ ಹಿಂದಿನ ಲಾರಿಯವನು. ಎರಡೂ ಲಾರಿ ಒಬ್ಬಳೇ ಒಡತಿಗೆ ಹೋಗಬೇಕಿದ್ದರಿಂದ ಇಬ್ಬರೂ ಜೊತೆಯಲ್ಲೇ ಹೊರಟಿದ್ದರು.

"ಒಳಗೆ ದೇವರನ್ನ ಕೂರಿಸಿದ್ದೀಯೇನೋ, ಚಪ್ಪಲಿ ಬಿಟ್ಟು ಹತ್ತೋಕೆ?"

"ದೇವರೆಲ್ಲಿ ಬಂತು ಮಾರಾಯ. ಇದಿನ್ನೂ ಮೋರೋ."

ಹೆಸರಿಡದ, ತಲೆಗೆ ನೀರು ಬೀಳದ ಕೂಸಿಗೆ ಅಲ್ಲಿ ಮೋರೋ ಅನ್ನುತ್ತಾರೆ. ಲಾರಿಗೂ ಅದೇ ಮಾತು. ಕೊಪಾಕಬಾನಾದ ಇಗರ್ಜಿಯ ಮುಂದೆ ಪಾದ್ರಿ ನೀರು ಚಿಮುಕಿಸಿ, ಮಾಲೀಕರು ಚಕ್ರಕ್ಕೆ ಬಿಯರ್ ಸುರಿದು, ಮೂತಿಗೆ ಹೂವಿನ ಹಾರ ಕಟ್ಟಿ ಹೆಸರು ಕೂಗುವವರೆಗೂ ಎಂಥ ಲಾರಿಯೂ ಮೋರೋನೇ. ತಂದು ಮುಟ್ಟಿಸುವವನು ಹೆಸರು ಬಾಯಿಗೆ ತರುವ ಹಾಗಿಲ್ಲ.

"ಲಾರೀದು ಬಿಡು, ನಿಮ್ಮನೇದು ಹೇಳು. ಹೆಸರು ಹುಡುಕಿದ್ಯಾ?" ಅನ್ಸೆಲ್ಮೋ ಕಣ್ಣು ಹೊಡೆದ.

"ಹುಡುಕಿದ್ದೀನಿ."

"ಏನು?"

"ಹುಟ್ಲಿ."

ಇದೇ ಉತ್ತರವನ್ನು ಅವನು ಹೆಂಡತಿ ಸೆನೋವಿಯಾಗೂ ಕೊಟ್ಟಿದ್ದ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸಿರು ನಿಂತಿತ್ತು. ಅವರ ಕಡೆ ಮೊದಲ ಕೂಸಿಗೆ ತಂದೆಯೇ ಹೆಸರಿಡಬೇಕು. ಹುಟ್ಟುವ ಮುಂಚೆ ಆ ಹೆಸರನ್ನು ಗಟ್ಟಿಯಾಗಿ ಅಂದರೆ ಹೆಸರು ಗಾಳಿಗೆ ಹೋಗುತ್ತದೆ ಎಂದು ನಂಬಿಕೆ. ಸೆನೋವಿಯಾ ಕೆಣಕದ ದಿನವಿರಲಿಲ್ಲ. ಹೊರಡುವ ದಿನವೂ ಬಾಗಿಲಲ್ಲಿ ಸೊಂಟ ಹಿಡಿದು ನಿಂತು ಅಂದಿದ್ದಳು: "ನಿನ್ನ ಹೊಟ್ಟೇಲೂ ಒಂದು ಕೂಸಿದೆ ನೋಡು. ನಾನಾದ್ರೂ ಹೆರ್ತೀನಿ, ನೀನು ಹೆರೋ ಹಾಗೆ ಕಾಣಲ್ಲ."

ಹೆಸರು ಬೆನೆದಿಕ್ತಾ. ಅವನ ತಾಯಿಯದು. ಪತಾಕಮಾಯಾದ ಬಸ್ಸು ನಿಲ್ಲುವ ಕಡೆ ರೊಟ್ಟಿ ಬುಟ್ಟಿ ಹೊತ್ತು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದ ಹೆಂಗಸು. ಅವಳು ತೀರಿಕೊಂಡಾಗಲೂ ಅವನು ಯಾರದೋ ಲಾರಿ ಹೊಡೆಯುತ್ತ ದಾರಿಯಲ್ಲಿದ್ದ. ಹೆಣ್ಣೇ ಹುಟ್ಟುತ್ತದೆ ಎಂದು ಅವನಿಗೆ ಯಾಕೋ ಖಾತ್ರಿಯಿತ್ತು. ಹೆಸರನ್ನು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದ.

ಗಡಿಯಲ್ಲಿ ಲಾರಿಗಳ ಸಾಲು ಚುಂಗಾರಾ ಸರೋವರದ ದಂಡೆಯುದ್ದಕ್ಕೂ ಬೆಳೆದಿತ್ತು. ಎದುರಿಗೆ ಹಿಮ ಹೊದ್ದ ಬೆಟ್ಟ, ಪಕ್ಕದಲ್ಲಿ ತಣ್ಣನೆ ನೀರು, ಚರ್ಮ ಸೀಳುವ ಗಾಳಿ. ಏರು ಹತ್ತಿ ಬಂದ ಎಂಜಿನ್ನುಗಳ ಹಾಗೆ ಡ್ರೈವರುಗಳಿಗೂ ಅಲ್ಲಿ ಉಸಿರು ಕಡಿಮೆ. ಸಾಲು ಒಂದು ಲಾರಿಯಷ್ಟು ಸರಿಯುವುದು, ನಿಲ್ಲುವುದು. ಜಾಗ ಬಿಟ್ಟರೆ ಪಕ್ಕದಿಂದ ಇನ್ನೊಬ್ಬ ನುಗ್ಗುತ್ತಾನೆ ಎಂದು ಯಾರೂ ಸ್ಟೇರಿಂಗ್ ಬಿಟ್ಟು ಇಳಿಯುತ್ತಿರಲಿಲ್ಲ.

ಅಲ್ಲಿ ಅವನ ಫೋನು ಒಂದೇ ಸಲ ಕಿರ್ ಎಂದು ಸುಮ್ಮನಾಯಿತು. ಊರಿನಿಂದ, ಅತ್ತೆ ಅಸುಂತಾಳ ನಂಬರು. ತಿರುಗಿ ಮಾಡಿದರೆ ಸಿಗ್ನಲ್ಲಿಲ್ಲ. ಕೈ ಹೊರಗೆ ಚಾಚಿದ, ಬಾಗಿಲಲ್ಲಿ ನಿಂತ, ಕೊನೆಗೆ ಕಾಲುಚೀಲದಲ್ಲೇ ಕ್ಯಾಬಿನ್ನಿನ ನೆತ್ತಿಗೆ ಹತ್ತಿದ. ಹೊಸ ಬಣ್ಣದ ಮೇಲೆ ಕಾಲು ಜಾರುತ್ತಿತ್ತು. ಅಲ್ಲಿ ಹತ್ತಿತು ಫೋನು.

"ಅಳಿಯಾ! ಕೇಳಿಸ್ತಿದೆಯಾ?"

"ಹೇಳಿ ಅತ್ತೆ, ಹೇಳಿ!"

"ಹೆಣ್ಣಪ್ಪಾ. ಬೆಳಿಗ್ಗೇನೇ ಆಯ್ತು. ತಿಂಗಳು ತುಂಬಿರ್ಲಿಲ್ಲ ಅಲ್ವಾ... ಪಾರಿವಾಳದ ಮರಿಯಷ್ಟಿದೆ. ಉಸಿರು ಸರಿಯಾಗಿ ಆಡ್ತಿಲ್ಲ."

"ಸೆನೋವಿಯಾ?"

"ಅವಳು ಗಟ್ಟಿ ಇದ್ದಾಳೆ. ಆಂಬುಲೆನ್ಸು ಹೊರಟಿದೆಯಂತೆ, ದಾರಿ ಗೊತ್ತಲ್ಲ ನಿನಗೆ. ಅಷ್ಟರ ತನಕ ತಡೆಯೋ ಹಾಗಿಲ್ಲ ಕಣಪ್ಪಾ. ಸೂಲಗಿತ್ತಿ ನೀರು ಹಿಡ್ಕೊಂಡು ನಿಂತಿದ್ದಾಳೆ. ಹೆಸರು ಹೇಳು. ಮೋರೋ ಆಗಿ ಹೋಗ್ಬಾರ್ದು ನಮ್ಮ ಕೂಸು, ಹೇಳು!"

ಪಾದ್ರಿ ಸಿಗದ ಹೊತ್ತಿನಲ್ಲಿ ಯಾರು ಬೇಕಾದರೂ ಸುರಿಯಬಹುದು ಆ ನೀರನ್ನು, ಹೆಸರೊಂದು ಇದ್ದರೆ ಸಾಕು. ಹೆಸರಿಲ್ಲದೆ ಸತ್ತ ಕೂಸಿಗೆ ಮೇಲೂ ಜಾಗವಿಲ್ಲ, ಕೆಳಗೂ ಇಲ್ಲ. ಕತ್ತಲಲ್ಲಿ ಅಳುತ್ತ ಅಲೆಯುತ್ತದೆ, ಅದರ ಅಳುವಿಗೆ ಆಲಿಕಲ್ಲು ಬಿದ್ದು ಊರಿನ ಬೆಳೆ ಮಲಗುತ್ತದೆ. ಇದನ್ನೆಲ್ಲ ಮೆಲಿತೋನನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಬಾಯಿ ತೆರೆದ. ಇಷ್ಟು ದಿನ ಒಳಗೇ ಇಟ್ಟಿದ್ದ ಹೆಸರು ಗಂಟಲಲ್ಲಿ ಕಚ್ಚಿಕೊಂಡಿತು. ಅದೇ ಹೊತ್ತಿಗೆ ಮುಂದಿನ ಸಾಲು ಸರಿದು, ಹಿಂದಿನಿಂದ ಅನ್ಸೆಲ್ಮೋ ಹಾರ್ನು ಒತ್ತಿದ. ಅವನ ಹಿಂದಿನವನು ಒತ್ತಿದ, ಅವನ ಹಿಂದಿನವನೂ. ಬೆಟ್ಟವೆಲ್ಲ ಹಾರ್ನೇ ಆಯಿತು. ಮೆಲಿತೋನ್ ಫೋನು ಕಿವಿಗಿಟ್ಟುಕೊಂಡೇ ತಿರುಗಿ ಕೈ ಬೀಸಿ ಅರಚಿದ:

"ಎಸ್ಪೆರಾ, ಅನ್ಸೆಲ್ಮೋ! ಎಸ್ಪೆರಾ, ಅನ್ಸೆ..."

ತಡಿ, ತಡಿ ಎಂದು. ಅಲ್ಲಿಯವರು ದಿನಕ್ಕೆ ನೂರು ಸಲ ಆಡುವ ಮಾತು.

"ಆಯ್ತು ಕಣಪ್ಪಾ, ಆಯ್ತು," ಎಂದಳು ಅತ್ತೆ. ಲೈನು ಹೋಯಿತು.

ಮತ್ತೆ ಬರಲಿಲ್ಲ. ನೆತ್ತಿಯ ಮೇಲೆ ಆ ಮೂಲೆಗೆ, ಈ ಮೂಲೆಗೆ ಸರಿದು ನೋಡಿದ. ಅನ್ಸೆಲ್ಮೋ ಬೈಯುತ್ತ ಇಳಿದು ಬಂದವನು ಅವನ ಮುಖ ನೋಡಿ ಬೈಗುಳ ನುಂಗಿದ.

"ಏನಾಯ್ತೋ?"

"ಹೆಸರು ಕೇಳಿದ್ರು. ನಾನು ಹೇಳಲೇ ಇಲ್ಲ."

"ಮತ್ತೇನಂದ್ರು?"

"ಆಯ್ತು ಅಂದ್ರು."

ಆಯ್ತು ಅಂದರೆ ಏನು? ಸರಿ ಎಂದೋ? ಮುಗೀತು ಎಂದೋ? ಇಬ್ಬರೂ ಅದನ್ನು ಕೇಳಿಕೊಳ್ಳಲಿಲ್ಲ. ಅನ್ಸೆಲ್ಮೋ ಟೋಪಿ ತೆಗೆದು ಕೈಯಲ್ಲಿ ಹಿಂಡಿದ.

"ನಾನು ಹಾರ್ನು ಹೊಡೀಬಾರ್ದಿತ್ತು."

"ನಿನಗೇನು ಗೊತ್ತಿತ್ತು."

"ಆದ್ರೂ ಹೊಡೀಬಾರ್ದಿತ್ತು."

ಅನ್ಸೆಲ್ಮೋ ಸಾಲಿನುದ್ದಕ್ಕೂ ಓಡಿದ. ಒಂದೊಂದು ಲಾರಿಯ ಬಾಗಿಲು ಬಡಿದು ಏನೇನು ಹೇಳಿದನೋ, ಎಂದೂ ಯಾರಿಗೂ ದಾರಿ ಬಿಡದ ಡ್ರೈವರುಗಳು ಒಬ್ಬೊಬ್ಬರಾಗಿ ಬದಿಗೆ ಸರಿದರು. ಮೆಲಿತೋನ್ ಅವರ ನಡುವೆ ಲಾರಿ ಹೊಡೆದುಕೊಂಡು ಹೋದ, ಹಿಂದೆಯೇ ಅನ್ಸೆಲ್ಮೋ. ಕೆಲವರು ಟೋಪಿ ತೆಗೆದರು. ಯಾಕೆ ತೆಗೀತಿದ್ದಾರೆ, ಇನ್ನೂ ಏನೂ ಆಗಿಲ್ಲವಲ್ಲ, ಎಂದು ಅವನಿಗೆ ಸಿಟ್ಟು ಬಂತು.

ಗಡಿ ದಾಟಿದ ಮೇಲೆ ಮೆಲಿತೋನನ ಊರಿನ ಮಣ್ಣುದಾರಿ ಒಡೆಯುವಲ್ಲಿ ಅನ್ಸೆಲ್ಮೋ ಲಾರಿ ನಿಲ್ಲಿಸಿದ. ಡಾಂಬರು ಬಿಟ್ಟು ಹೊಸ ಲಾರಿ ಇಳಿಸುವ ಹಾಗಿರಲಿಲ್ಲ.

"ನೀನು ಲಾರೀಲೇ ಹೋಗು. ಮಾಲೀಕ್ತಿಗೆ ನಾನು ಪಂಚರಾಯ್ತು ಅಂತೀನಿ."

"ಹೊಸ ಟೈರು ಪಂಚರ್ರಾ?"

"ಹಂಗಾದ್ರೆ ನನಗೆ ಭೇದಿ ಆಯ್ತು ಅಂತೀನಿ. ಹೋಗೋ ಮಾರಾಯ, ಕಲ್ಲು ನೋಡ್ಕೊಂಡು ಹೋಗು."

ಕಲ್ಲು ನೋಡಿಕೊಂಡು ಹೋಗಲಿಲ್ಲ ಅವನು. ಬೆನೆದಿಕ್ತಾ, ಬೆನೆದಿಕ್ತಾ ಎಂದು ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳುತ್ತ ಹೋದ. ಈಗ ಗಂಟಲು ಕಟ್ಟುತ್ತಿರಲಿಲ್ಲ. ಗುಂಡಿಗೆ ಲಾರಿ ಕುಕ್ಕರಿಸಿದಾಗಲೂ ಹೇಳಿದ, ಲಾಮಾಗಳ ಹಿಂಡು ಅಡ್ಡ ಬಂದು ನಿಂತಾಗಲೂ ಹೇಳಿದ. ಕೂಸು ಇನ್ನೂ ಉಸಿರಾಡುತ್ತಿದ್ದರೆ ಬಾಗಿಲಿನಿಂದಲೇ ಕೂಗಿಬಿಡಬೇಕು, ಬೂಟು ಹಾಕಿಕೊಳ್ಳಲೂ ನಿಲ್ಲಬಾರದು ಎಂದುಕೊಂಡ.

ಅಂಗಳದಲ್ಲಿ ಜನ ಸೇರಿದ್ದರು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಯಾರೂ ಅಳುತ್ತಿರಲಿಲ್ಲ. ಆ ನಿಶ್ಶಬ್ದ ಕಂಡು ಅವನ ಎದೆ ಒಂದು ಗಳಿಗೆ ಹಗುರಾಯಿತು. ಆಮೇಲೆ ಮೇಜು ಕಂಡಿತು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ರೊಟ್ಟಿಯಷ್ಟು ಸಣ್ಣ ಗಂಟು. ಪಕ್ಕದಲ್ಲಿ ಸೂಲಗಿತ್ತಿ ಕತ್ತರಿ ಹಿಡಿದು ಬಿಳಿ ಕಾಗದದಲ್ಲಿ ರೆಕ್ಕೆ ಕತ್ತರಿಸುತ್ತಿದ್ದಳು.

ರೆಕ್ಕೆ ಕಟ್ಟುವುದು ಹೆಸರಿರುವ ಕೂಸಿಗೆ ಮಾತ್ರ. ಹೆಸರಿದ್ದರೆ ಅದು ದೇವದೂತ, ಹಾರಿಹೋಗುತ್ತದೆ. ಕಣ್ಣೀರು ಬಿದ್ದರೆ ರೆಕ್ಕೆ ನೆನೆದು ಭಾರವಾಗುತ್ತದೆ ಎಂದೇ ಯಾರೂ ಅಳಬಾರದು. ಮೋರೋಗೆ ರೆಕ್ಕೆಯಿಲ್ಲ. ಅದನ್ನು ಬೇಲಿಯಾಚೆ ಹೂಳುತ್ತಾರೆ.

"ರೆಕ್ಕೆ... ಯಾರಿಗೆ?"

"ಇನ್ಯಾರಿಗೆ, ಕಂಪಾದ್ರೆ," ಎಂದಳು ಸೂಲಗಿತ್ತಿ. ನೀರು ಸುರಿದವಳು ಅವಳೇ ಆದ್ದರಿಂದ ಈಗ ಕೂಸಿನ ಧರ್ಮತಾಯಿ; ಕೂಸಿನ ತಂದೆಯನ್ನು ಕಂಪಾದ್ರೆ ಎಂದೇ ಕರೆಯಬೇಕು. "ನಮ್ಮ ಎಸ್ಪೆರಾನ್ಸಾಗೆ. ನೀರು ತಲೆ ಮೇಲೆ ಬಿದ್ದಾಗ ಕಣ್ಣು ಬಿಟ್ಳು. ನಾನು ನೋಡ್ದೆ. ಹೆಸರು ಸಿಕ್ತಲ್ಲ ಅಂತ ನೆಮ್ಮದಿಯಾಗಿ ಹೋದ್ಳು."

ಎಸ್ಪೆರಾನ್ಸಾ. ನಿರೀಕ್ಷೆ. ಮೆಲಿತೋನ್ ಅಂಗಳದ ಮಣ್ಣಿನ ಮೇಲೆ ಕಾಲುಚೀಲದಲ್ಲಿ ನಿಂತು ಆ ಹೆಸರನ್ನು ಒಡೆದು ನೋಡಿದ. ಎಸ್ಪೆರಾ, ಅನ್ಸೆ... ಹಾರ್ನುಗಳ ನಡುವೆ, ಮುರಿಯುವ ಲೈನಿನಲ್ಲಿ, ಒಬ್ಬ ಡ್ರೈವರು ಇನ್ನೊಬ್ಬ ಡ್ರೈವರಿಗೆ ತಡಿಯೋ ಎಂದದ್ದು.

ಮೇಜಿನ ಹತ್ತಿರ ಹೋಗಿ ಬಟ್ಟೆ ಸರಿಸಿದ. ಮುಖ ಅವನ ಮುಷ್ಟಿಗಿಂತ ಚಿಕ್ಕದಿತ್ತು. ಹಣೆ ಮಾತ್ರ ಅಗಲ, ಅವನ ತಾಯಿಯದೇ ಹಣೆ, ರೊಟ್ಟಿ ಬುಟ್ಟಿಯ ಹಗ್ಗ ಬಿಗಿಯುತ್ತಿದ್ದ ಹಣೆ.

ಅತ್ತೆ ಅಸುಂತಾ ತೋಳು ಹಿಡಿದು ಅವನನ್ನು ಗೋಡೆಯ ಹಿಂದಕ್ಕೆ ಕರೆದೊಯ್ದಳು. ಜನರ ಮುಂದೆ ನೆಟ್ಟಗೆ ನಿಂತಿದ್ದ ಮುದುಕಿ ಅಲ್ಲಿ ಕುಸಿದಂತೆ ಕೂತಳು.

"ಅಳಿಯಾ, ನನ್ನ ಕಿವಿ ಅಷ್ಟಕ್ಕಷ್ಟೇ ಅಂತ ನಿನಗೆ ಗೊತ್ತು. ನಿನ್ನ ಕಡೆ ಅದೇನೋ ಹಾರ್ನು ಬೇರೆ. ಆಗಿಂದ ಎದೇಲಿ ಬೆಂಕಿ. ನಾನು ಸರಿಯಾಗಿ ಕೇಳಿಸ್ಕೊಂಡ್ನಾ?"

ಅವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

"ತಪ್ಪು ಹೆಸರಾದ್ರೆ ನೀರೂ ತಪ್ಪೇ. ಹಂಗಾದ್ರೆ ಕೂಸು ಇನ್ನೂ ಮೋರೋನೇ. ಈಗ್ಲೇ ಹೇಳಿಬಿಡು ನನಗೆ. ಸೆನೋವಿಯಾಗೆ ಹೇಳ್ಬೇಡ, ನನಗೊಬ್ಬಳಿಗೆ ಹೇಳು. ನಾನು ಹೊತ್ಕೋತೀನಿ."

ದಾರಿಯುದ್ದಕ್ಕೂ ಹೇಳಿ ಹೇಳಿ ಪಳಗಿಸಿದ್ದ ಹೆಸರು ನಾಲಗೆಯ ತುದಿಯಲ್ಲೇ ಇತ್ತು. ಒಂದು ಉಸಿರು ಬಿಟ್ಟಿದ್ದರೆ ಹೊರಗೆ ಬರುತ್ತಿತ್ತು. ಆಚೆ ಅಂಗಳದಲ್ಲಿ ಕತ್ತರಿಯ ಸದ್ದು ನಿಂತಿತ್ತು. ರೆಕ್ಕೆ ಕಟ್ಟುತ್ತಿದ್ದರೇನೋ.

"ಸರಿಯಾಗೇ ಕೇಳಿಸ್ಕೊಂಡ್ರಿ ಅತ್ತೆ."

"ನಿನ್ನ ಬಾಯಿಂದ ಇನ್ನೊಂದ್ಸಲ ಹೇಳು ನೋಡೋಣ."

"ಎಸ್ಪೆರಾನ್ಸಾ," ಎಂದ. ಮೊದಲ ಸಲ ಹೇಳುತ್ತಿದ್ದ.

ಮುದುಕಿ ಅವನ ಎರಡೂ ಕೈ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಕಣ್ಣು ಒಣಗಿತ್ತು. ಅಷ್ಟು ಗಟ್ಟಿಯಾಗಿ ತಡೆದುಕೊಂಡಿದ್ದಳು.

ಸೆನೋವಿಯಾ ಒಳಗೆ ಕಂಬಳಿಗಳ ಕೆಳಗೆ ಮಲಗಿದ್ದಳು. ಅವನು ಪಕ್ಕದಲ್ಲಿ ಕೂತು ಅವಳ ಪಾದ ಹಿಡಿದ.

"ಕೊನೆಗೂ ಹೆತ್ತೆ ನೀನು," ಎಂದಳು ಅವಳು. ನಗಲು ನೋಡಿದಳು, ತುಟಿ ಒಪ್ಪಲಿಲ್ಲ. "ಚೆನ್ನಾಗಿದೆ ಹೆಸರು. ನಾನು ಬೇರೆ ಅಂದ್ಕೊಂಡಿದ್ದೆ."

"ಏನಂತ?"

"ನಿಮ್ಮಮ್ಮನ ಹೆಸರು ಇಡ್ತೀಯ ಅಂತ. ಒಳಗೊಳಗೇ ಬೆನೆದಿಕ್ತಾ ಅಂತ ಕರೀತಾನೂ ಇದ್ದೆ. ಒದೀತಿದ್ಳು ಕರೆದ್ರೆ. ತಪ್ಪಾಗ್ಹೋಯ್ತೇನೋ ಅಲ್ವಾ, ಅವಳದಲ್ಲದ ಹೆಸರಲ್ಲಿ ಕರೆದು?"

ಮೆಲಿತೋನ್ ಅವಳ ಪಾದವನ್ನು ಇನ್ನೂ ಬಿಗಿಯಾಗಿ ಹಿಡಿದ. ಅಳಬಾರದು. ಹೊರಗೆ ಕಾಗದದ ರೆಕ್ಕೆಗಳಿವೆ.

"ತಪ್ಪೇನಿಲ್ಲ. ಅಜ್ಜಿ ಹೆಸರು ತಾನೇ."

"ಇದೆಲ್ಲಿಂದ ತಂದೆ ಎಸ್ಪೆರಾನ್ಸಾ? ನಿಮ್ಮ ಕಡೆ ಯಾರೂ ಇಲ್ಲ, ನಮ್ಮ ಕಡೇನೂ ಇಲ್ಲ."

ಸುಳ್ಳು ಹೇಳಿ ಅಭ್ಯಾಸವಿದ್ದವನಲ್ಲ. ಕಣ್ಣ ಮುಂದೆ ಬಂದದ್ದು ಬಂದರು ಒಂದೇ.

"ಅರೀಕಾದಲ್ಲಿ ಒಂದು ದೋಣಿ ನೋಡ್ದೆ. ಅದರ ಮೇಲೆ ಬರೆದಿದ್ರು."

ಸೆನೋವಿಯಾ ಸಮುದ್ರ ನೋಡಿದವಳಲ್ಲ. ಕಣ್ಣು ಮುಚ್ಚಿದಳು.

"ಯಾವ ಬಣ್ಣ?"

"ನೀಲಿ."

"ದೊಡ್ಡದಾ?"

"ಇಲ್ಲ, ಸಣ್ಣದು. ಮೀನು ಹಿಡಿಯೋರದು."

"ಸಣ್ಣದೇ ಸರಿ," ಎಂದಳು. ಕಣ್ಣು ಮುಚ್ಚಿಕೊಂಡೇ ಮತ್ತೆ ಕೇಳಿದಳು, "ಹೋಗ್ತಿತ್ತಾ, ಬರ್ತಿತ್ತಾ?"

ಮೆಲಿತೋನ್ ಅದನ್ನು ಯೋಚಿಸಿರಲಿಲ್ಲ. ಕಂಬಳಿಯ ತುದಿ ಸರಿಮಾಡಿದ, ಅವಳ ಪಾದದ ಮೇಲೆ ಎಳೆದು ಹೊದಿಸಿದ.

"ಬರ್ತಿತ್ತು," ಎಂದ. "ದಡಕ್ಕೆ ಬರ್ತಿತ್ತು."