ಅಂಕ ಕುಸಿದ ವರ್ಷ

ಕಾಲೇಜು ಸೇರುವ ಕಾಲ ಬಂತೆಂದರೆ ನಮ್ಮ ಸ್ಟುಡಿಯೋದಲ್ಲಿ ಕೂರಲು ಜಾಗ ಇರುವುದಿಲ್ಲ. ಬೀದಿಯ ಮಕ್ಕಳೆಲ್ಲ ತಲೆ ಬಾಚಿಕೊಂಡು, ಬೆನ್ನ ಹಿಂದೆ ತಾಯಂದಿರನ್ನು ಕಟ್ಟಿಕೊಂಡು ಬರುತ್ತಾರೆ. ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋ ಒಂದೇ ಆಗಿದ್ದರೆ ನನಗೂ ಬೇಜಾರಿಲ್ಲ. ಈಗ ಕಾಲೇಜಿನವರಿಗೆ ಬರೀ ಅಂಕ ಸಾಲದಂತೆ. ಮಗು ಈಜಿದೆಯಾ, ಭಾಷಣ ಬಿಗಿದಿದೆಯಾ, ಸಮಾಜಸೇವೆ ಮಾಡಿದೆಯಾ, ಎಲ್ಲವನ್ನೂ ನೋಡುತ್ತಾರಂತೆ. ಅದಕ್ಕೆಂದೇ ನಮ್ಮಲ್ಲಿ ಒಂದು ಸಸಿಯ ಕುಂಡ ಇದೆ. ಅದನ್ನು ಹಿಡಿದುಕೊಂಡು, ಲೋಕದ ಚಿಂತೆಯನ್ನೆಲ್ಲ ಮುಖಕ್ಕೆ ತಂದುಕೊಂಡು ನಿಂತರೆ ಪರಿಸರ ಪ್ರೇಮದ ಫೋಟೋ ಸಿದ್ಧ. ಆ ಬಡ ಸಸಿ ಅದೆಷ್ಟು ಮಕ್ಕಳನ್ನು ಕಾಲೇಜಿಗೆ ಸೇರಿಸಿದೆಯೋ, ಅದಕ್ಕೆ ನೀರು ಹಾಕುವವಳು ಮಾತ್ರ ನಾನೊಬ್ಬಳೇ.

ಸ್ಟುಡಿಯೋ ನಮ್ಮ ಅಪ್ಪನದು. ಅಪ್ಪ ಹೋದ ಮೇಲೆ ನಾನೂ ನನ್ನ ತಂಗಿಯೂ ನಡೆಸುತ್ತಿದ್ದೇವೆ. ನಾನು ಮದುವೆಯ ಗೋಜಿಗೆ ಹೋಗಲಿಲ್ಲ. ತಂಗಿ ಹೋದಳು. ಅವಳನ್ನು ಕಟ್ಟಿಕೊಂಡ ಮಹಾನುಭಾವ, ಮಗಳು ನಡೆಯಲು ಕಲಿಯುವ ಮೊದಲೇ ತಾನು ಹೊರಟುಹೋದ. ಅವನ ಸುದ್ದಿ ಇಷ್ಟು ಸಾಕು. ಆ ಮಗಳನ್ನು ನಾವು ಚಿಲ್ಟು ಅನ್ನುತ್ತೇವೆ. ಈಗ ಅವಳು ಹೆಸರಿಗೆ ಮಾತ್ರ ಚಿಲ್ಟು, ನನಗಿಂತ ಗೇಣುದ್ದ ಎತ್ತರವಾಗಿದ್ದಾಳೆ.

ಫೋಟೋ ತೆಗೆಯುವವಳು ತಂಗಿ, ಕಂಪ್ಯೂಟರಿನಲ್ಲಿ ಮುಖ ತಿದ್ದುವವಳು ನಾನು. ಅಪ್ಪ ಕುಂಚ ಹಿಡಿದು ತಿದ್ದುತ್ತಿದ್ದ ಕಾಲದಿಂದಲೂ ನಮ್ಮಲ್ಲಿ ಒಂದು ಪದ್ಧತಿ ಇದೆ. ಗಿರಾಕಿಯ ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಹಣೆಯ ಮೇಲಿನ ಗಾಯದ ಗುರುತು, ಇವನ್ನೆಲ್ಲ ಅವರು ಕೇಳದಿದ್ದರೂ ಅಳಿಸಬೇಕು, ಅಳಿಸಿದ್ದನ್ನು ಹೇಳಬಾರದು. ಪರವಾಗಿಲ್ಲ, ಚೆನ್ನಾಗೇ ಇದ್ದೀನಿ ಅಂದುಕೊಂಡು ಅವರು ಮನೆಗೆ ಹೋಗಬೇಕು. ಅಂಗಡಿಗೆ ಇದು ಒಳ್ಳೆಯ ಪದ್ಧತಿಯೇ. ಅದು ಯಾವಾಗ ಅಂಗಡಿಯ ಪರದೆ ದಾಟಿ ಹಿಂದಿನ ನಮ್ಮ ಮನೆಯೊಳಗೆ ಬಂದು ಕೂತಿತೋ ನಮಗೇ ತಿಳಿಯಲಿಲ್ಲ.

ಚಿಲ್ಟು ಹನ್ನೊಂದನೇ ತರಗತಿಗೆ ಬಂದ ವರ್ಷ ತಂಗಿ ಹಾಸಿಗೆ ಹಿಡಿದಳು. ಜ್ವರವಲ್ಲ, ನೋವಲ್ಲ. ಒಂದು ಬೆಳಿಗ್ಗೆ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ನಾನು ಬೈದರೂ ತಿರುಗಲಿಲ್ಲ, ಅತ್ತರೂ ತಿರುಗಲಿಲ್ಲ. ಇದು ಮನಸ್ಸಿನ ಕಾಯಿಲೆ, ವಾಸಿಯಾಗುತ್ತದೆ, ಆದರೆ ಇವರನ್ನು ಒಬ್ಬರನ್ನೇ ಬಿಡಬೇಡಿ ಅಂದರು ಡಾಕ್ಟರು. ಆ ಕೊನೆಯ ಮಾತಿನ ಅರ್ಥ ನನಗೂ ಆಯಿತು, ಪಕ್ಕದಲ್ಲಿ ನಿಂತಿದ್ದ ಹುಡುಗಿಗೂ ಆಯಿತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ನಾನು ಅಂಗಡಿ ನೋಡಿಕೊಳ್ಳದಿದ್ದರೆ ಒಲೆ ಉರಿಯುವುದಿಲ್ಲ. ಹೀಗಾಗಿ ಅಮ್ಮನ ಪಕ್ಕದಲ್ಲಿರುವ ಕೆಲಸ ಮಗಳ ಪಾಲಿಗೆ ಬಂತು. ಒಂದು ದಿನ ಸ್ಕೂಲಿಗೆ ಹೋದರೆ ಎರಡು ದಿನ ಇಲ್ಲ. ಅಮ್ಮನ ತಲೆ ಬಾಚಿದಳು, ಮಾತ್ರೆ ನುಂಗಿಸಿದಳು, ಬಚ್ಚಲುಮನೆಯ ಒಳಚಿಲಕವನ್ನು ತಾನೇ ಬಿಚ್ಚಿ ಎಸೆದಳು. ಅಮ್ಮ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು ಭೌತಶಾಸ್ತ್ರದ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಒಳಗಿನಿಂದ ಅಮ್ಮ ‘ಹೂಂ’ ಅನ್ನುತ್ತಿರಬೇಕು. ‘ಹೂಂ’ ನಿಂತರೆ ಮಗಳು ಬಾಗಿಲು ತಳ್ಳಬಹುದು. ಇದು ಅವರಿಬ್ಬರ ಕರಾರು. ಕನ್ನಡಿಯಲ್ಲಿ ಬೆಳಕು ಹೇಗೆ ತಿರುಗುತ್ತದೆ, ಗಾಜಿನಲ್ಲಿ ಹೇಗೆ ಬಾಗುತ್ತದೆ ಎಂದು ಆ ಮಗು ಕೂಗಿ ಹೇಳುವುದು, ನೀರಿನ ಸದ್ದಿನ ನಡುವೆ ‘ಹೂಂ’ ಎಂದು ಬರುವುದು, ಎರಡೂ ಅಂಗಡಿಯಲ್ಲಿದ್ದ ನನ್ನ ಕಿವಿಗೆ ಬೀಳುತ್ತಿದ್ದವು. ನಾನು ಯಾರದೋ ಮದುಮಗಳ ಮೂಗು ತಿದ್ದುತ್ತ ಕಣ್ಣೊರೆಸಿಕೊಳ್ಳುತ್ತಿದ್ದೆ.

ಗಿರಾಕಿಗಳು ಸುಮ್ಮನಿರುತ್ತಾರಾ? ತಂಗಿ ಎಲ್ಲಿ, ಯಾಕೆ ಕಾಣುವುದಿಲ್ಲ ಎಂದು ಮೂಗು ತೂರಿಸಿದರು. ಒಂದು ದಿನ ನಾನು ತಡವರಿಸುತ್ತಿದ್ದಾಗ ಚಿಲ್ಟು ಪರದೆ ಸರಿಸಿ ಬಂದು, “ಅಮ್ಮ ಹೊಸ ಪ್ರಿಂಟಿಂಗ್ ಮಷೀನ್ ಕಲಿಯೋಕೆ ಹೋಗಿದಾರೆ ಆಂಟಿ. ಟ್ರೈನಿಂಗು. ವರ್ಷ ಹಿಡಿಯುತ್ತೆ,” ಅಂದಳು. ಕಣ್ಣು ಮಿಟುಕಿಸಲಿಲ್ಲ. ಮರುವರ್ಷ ತಂಗಿ ಚೇತರಿಸಿಕೊಂಡು ಮತ್ತೆ ಕ್ಯಾಮೆರಾ ಹಿಡಿದಾಗ ಎಲ್ಲರೂ ಆ ಮಷೀನಿನ ಬಗ್ಗೆ ವಿಚಾರಿಸುವವರೇ. “ದೊಡ್ಡದು. ಶಬ್ದ ಜಾಸ್ತಿ,” ಅಂದಳು ಪಾಪ. ಆ ಸಂಜೆ ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮನೆಯಲ್ಲಿ ನಗು ಕೇಳಿ ಎಷ್ಟೋ ಕಾಲವಾಗಿತ್ತು.

ಹುಡುಗಿ ಹನ್ನೆರಡನೇ ತರಗತಿಯಲ್ಲಿ ಹಟ ಹಿಡಿದು ಓದಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಕಾಲೇಜು. ಬೆಳಕಿನ ಶಾಸ್ತ್ರ ಕಲಿಸಿ, ಮಕ್ಕಳ ಕೈಯಲ್ಲೇ ಮಸೂರ ಉಜ್ಜಿಸುವ ಕಾಲೇಜು ಅದು. ಚಿಕ್ಕಂದಿನಿಂದಲೂ ನಮ್ಮ ಹಳೆಯ ಕ್ಯಾಮೆರಾಗಳ ಹೊಟ್ಟೆ ಬಗೆದು ಕೂರುತ್ತಿದ್ದವಳು, ಅಲ್ಲಿಗಲ್ಲದೆ ಬೇರೆಲ್ಲಿಗೆ ಹೋದಾಳು?

ಸ್ಕೂಲಿನ ಸಲಹೆಗಾರ್ತಿ ನಮ್ಮನ್ನು ಕರೆಸಿ ಕೂರಿಸಿಕೊಂಡಳು. ಒಳ್ಳೆಯ ಹೆಂಗಸು, ಮಾತು ಮಾತ್ರ ಒಂದಕ್ಕೊಂದು ಅಂಟಿಕೊಂಡೇ ಬರುತ್ತಿತ್ತು.

“ಕೊನೇ ವರ್ಷದ ಅಂಕ ಒಂದೇ ನೋಡಲ್ಲ ಅವರು. ಎಲ್ಲಾ ವರ್ಷದ್ದೂ ನೋಡ್ತಾರೆ, ಯಾವ ವಿಷಯ ತಗೊಂಡಿದಾಳೆ, ಟೀಚರ್ ಏನು ಹೇಳ್ತಾರೆ, ಎದುರಿಗೆ ಕೂರಿಸಿದ್ರೆ ಹೇಗೆ ಮಾತಾಡ್ತಾಳೆ, ಎಲ್ಲಾನೂ. ಹತ್ತನೇದು ಚೆನ್ನಾಗಿದೆ, ಹನ್ನೆರಡನೇದು ಇನ್ನೂ ಚೆನ್ನಾಗಿದೆ. ಮಧ್ಯದ ವರ್ಷ ಮಾತ್ರ ಪಾತಾಳ ಕಂಡಿದೆ. ಅಂಕ ಬಿತ್ತು ಅಂತ ಬಾಗಿಲು ಹಾಕಲ್ಲ ಅವರು. ಯಾಕೆ ಬಿತ್ತು ಅಂತ ಕೇಳ್ತಾರೆ. ಮನೇಲಿ ಕಷ್ಟ ಇತ್ತು, ಅದನ್ನ ದಾಟಿ ಬಂದೆ ಅಂದ್ರೆ ಅದನ್ನೂ ಲೆಕ್ಕಕ್ಕೆ ತಗೋತಾರೆ, ಮೆಚ್ಚಿಕೊಂಡೇ ತಗೋತಾರೆ. ಏನಾಗಿತ್ತು ಆ ವರ್ಷ?”

ಚಿಲ್ಟು ತಿರುಗುವ ಫ್ಯಾನನ್ನು ನೋಡುತ್ತ, “ಏನಿಲ್ಲ ಮೇಡಂ,” ಅಂದಳು.

ಮನೆಗೆ ಬಂದವಳೇ ತಂಗಿ, “ನಾನೇ ಹೇಳ್ತೀನಿ. ಇಂಟರ್‌ವ್ಯೂಗೆ ಮನೆಯವರೂ ಬರಬೇಕಲ್ಲ, ಅಲ್ಲಿ ನಾನೇ ಹೇಳ್ತೀನಿ,” ಅಂದಳು.

“ಏನೂ ಬೇಡಮ್ಮ. ನೀನು ಬಂದು ಕೂತ್ಕೊ, ಸಾಕು.”

“ಹೇಳ್ತೀನಿ ಅಂದ್ನಲ್ಲ.”

ಗಿರಾಕಿಗಳು ಪೌಡರ್ ಹಚ್ಚಿಕೊಳ್ಳುವ ಕನ್ನಡಿಯ ಮುಂದೆ ನಿಂತು ಅವಳು ಅಭ್ಯಾಸ ಮಾಡಿದ್ದನ್ನು ನಾನು ಕಂಡಿದ್ದೇನೆ. “ನನಗೆ ಹುಷಾರಿರಲಿಲ್ಲ. ಮಗಳೇ ನನ್ನ ನೋಡ್ಕೊಂಡ್ಲು.” ಇಷ್ಟೇ ಮಾತು. ಮೊದಲು ತುಟಿ ಮಾತ್ರ ಆಡುತ್ತಿತ್ತು. ಆಮೇಲೆ ಪಿಸುಮಾತಾಯಿತು. ಹೋಗುವ ದಿನ ಬೆಳಿಗ್ಗೆ ನನ್ನ ಮುಂದೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಒಮ್ಮೆಯೂ ತಡವರಿಸದೆ ಹೇಳಿದಳು. ನನ್ನ ತಂಗಿ ಹುಟ್ಟಿದಾಗಿನಿಂದ ಮಾಡಿದ ಅತಿ ದೊಡ್ಡ ಧೈರ್ಯ ಅದು ಎಂದು ನನಗೆ ಈಗಲೂ ಅನಿಸುತ್ತದೆ.

ಕಾಲೇಜಿನ ಕೋಣೆಯಲ್ಲಿ ಒಬ್ಬ ವಯಸ್ಸಾದ ಪ್ರೊಫೆಸರಮ್ಮ ಇದ್ದರು. ನೆಗಡಿಯಾಗಿ ಮೂಗು ಕೆಂಪಾಗಿತ್ತು, ಮೇಜಿನ ಮೇಲೆ ಅರ್ಧ ಕುಡಿದ ಕಾಫಿ. ಮನೆಯವರಾಗಿ ನಾವಿಬ್ಬರೂ ಚಿಲ್ಟುವಿನ ಆಚೀಚೆ ಕೂತೆವು. ಅವರು ಒಂದು ಮಸೂರವನ್ನು ಅವಳ ಕೈಗೆ ಕೊಟ್ಟು ಏನೇನೋ ಕೇಳಿದರು. ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನಲ್ಲಿ ಸ್ವಲ್ಪ ಹೆಚ್ಚು ಉಜ್ಜಿಬಿಟ್ಟಿದ್ದಾರೆ ಅಂದಳು. ಪ್ರೊಫೆಸರಮ್ಮನ ಹುಬ್ಬು ಮೇಲೇರಿತು. ಆಮೇಲೆ ಇಬ್ಬರೂ ನಮ್ಮನ್ನು ಮರೆತು ಮಾತಿಗಿಳಿದರು. ಇನ್ನೇನು ಸೀಟು ನಮ್ಮದೇ ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ಮೇಯುತ್ತಿದ್ದೆ.

“ಇಷ್ಟು ಚೆನ್ನಾಗಿ ಗೊತ್ತಿರೋಳು ಹನ್ನೊಂದನೇ ಕ್ಲಾಸಲ್ಲಿ ಯಾಕಮ್ಮ ಹೀಗೆ ಬಿದ್ದೆ? ಸ್ಕೂಲಿಗೂ ಸರಿಯಾಗಿ ಹೋಗಿಲ್ಲ. ಮನೇಲೇನಾದ್ರೂ ತೊಂದರೆ ಇತ್ತಾ?”

ಕೇಳಿದ ರೀತಿಯಲ್ಲೇ ದಾರಿ ತೋರಿಸುವ ಕರುಣೆಯಿತ್ತು. ತಂಗಿ ಕುರ್ಚಿಯಲ್ಲಿ ನೆಟ್ಟಗಾಗಿ ಉಸಿರೆಳೆದುಕೊಂಡಳು. ಅವಳ ಕೈ ನಡುಗಲು ಶುರುವಾಗಿತ್ತು. ಕಾಯಿಲೆಯ ದಿನಗಳಲ್ಲಿ ಹಾಗೆಯೇ ನಡುಗುತ್ತಿತ್ತು. ಚಿಲ್ಟುವಿನ ಕಣ್ಣು ಆ ಕೈಯ ಮೇಲೆ ಬಿದ್ದದ್ದನ್ನು ನಾನು ನೋಡಿದೆ.

“ಇಲ್ಲ ಮೇಡಂ. ಸೋಮಾರಿತನ,” ಅಂದಳು ಹುಡುಗಿ. “ಆ ವರ್ಷ ಅಮ್ಮ ಮನೇಲಿರಲಿಲ್ಲ, ಟ್ರೈನಿಂಗಿಗೆ ಹೋಗಿದ್ರು. ದೊಡ್ಡಮ್ಮ ಅಂಗಡೀಲಿ. ಹೇಳೋರು ಕೇಳೋರು ಇಲ್ಲ ಅಂತ ನಾನು ಮನೇಲಿ ಬಿದ್ಕೊಂಡಿದ್ದೆ.”

ತಂಗಿ ಹೇಳಲು ತೆರೆದ ಬಾಯನ್ನು ಮುಚ್ಚಿಕೊಂಡಳು. ಈಗ ಅವಳು ನಿಜ ಹೇಳಿದರೆ ಮಗಳು ಅಲ್ಲೇ, ಆ ಮೇಜಿನ ಮುಂದೆಯೇ ಸುಳ್ಳುಗಾತಿಯಾಗುತ್ತಾಳೆ. ನನ್ನ ನಾಲಗೆಯೂ ಅದಕ್ಕೇ ಕಟ್ಟಿಹೋಯಿತು. ಊರಿಗೆಲ್ಲ ಬಯ್ಯುವ ನಾಲಗೆ ಅದು. ಪ್ರೊಫೆಸರಮ್ಮ ತಂಗಿಯ ಕಡೆ ತಿರುಗಿ, “ನೀವೇನಾದ್ರೂ ಹೇಳ್ತೀರಾ?” ಎಂದು ಕೇಳಿದರು. ಚಿಲ್ಟು ಮೇಜಿನ ಕೆಳಗೆ ಅಮ್ಮನ ನಡುಗುವ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಂಗಿ ತಲೆಯಾಡಿಸಿದಳು, ಇಲ್ಲವೆಂದು.

ಸೀಟು ಸಿಗಲಿಲ್ಲ. ಸುದ್ದಿ ತಂದವಳು ಸಲಹೆಗಾರ್ತಿಯೇ. ಕೆಲಸ ಮುಗಿಸಿ ಹೋಗುವಾಗ ಅಂಗಡಿಗೆ ಬಂದು, ಚಿಲ್ಟು ಇಲ್ಲದ್ದನ್ನು ನೋಡಿಕೊಂಡು ನಮ್ಮಿಬ್ಬರಿಗೂ ಹೇಳಿದಳು.

“ಆ ಪ್ರೊಫೆಸರ್ ಮಾತಾಡಿಸಿದ ಮಕ್ಕಳಲ್ಲೆಲ್ಲ ನಿಮ್ಮ ಹುಡುಗೀನೇ ಜಾಣೆ ಅಂದ್ರಂತೆ. ಆದ್ರೆ ಅಲ್ಲಿ ಹಾಸ್ಟೆಲ್ಲು, ಯಾರೂ ಹಿಂದೆ ನಿಂತು ಓದಿಸಲ್ಲ. ತಾಯಿ ಇಲ್ಲ ಅಂದ ತಕ್ಷಣ ಓದು ಕೈ ಬಿಟ್ಟವಳು ಇಲ್ಲೂ ಬಿಡ್ತಾಳೆ, ಇರೋ ಸ್ವಲ್ಪ ಸೀಟಲ್ಲಿ ಅಂಥವಳಿಗೆ ಕೊಡೋಕಾಗಲ್ಲ ಅಂತ ತೀರ್ಮಾನ ಮಾಡಿದಾರೆ.”

ತಾಯಿ ಇಲ್ಲ ಅಂದ ತಕ್ಷಣ ಕೈ ಬಿಟ್ಟವಳು. ಯಾರನ್ನು ಬಯ್ಯಲಿ? ಆ ಪ್ರೊಫೆಸರಮ್ಮ ತಮಗೆ ಹೇಳಿದ್ದನ್ನು ನಂಬಿದರು, ಅಷ್ಟೇ. ನೋಡಬೇಕಾದ್ದನ್ನೆಲ್ಲ ನೋಡಿದರು, ಕೇಳಬೇಕಾದ್ದನ್ನೆಲ್ಲ ಕೇಳಿದರು. ನಮ್ಮ ಮನೆಯವರೇ ಹೇಳಲಿಲ್ಲ.

ಚಿಲ್ಟುವಿಗೆ ತಿಳಿಸಿದಾಗ, “ಹೋಗ್ಲಿ ಬಿಡಿ, ಇಲ್ಲೇ ಹತ್ತಿರದ ಕಾಲೇಜಿಗೆ ಹೋಗ್ತೀನಿ, ಊಟಕ್ಕೆ ಮನೆಗೇ ಬರಬಹುದು,” ಅಂದಳು. ಆಮೇಲೆ ಲೈಟುಗಳ ಧೂಳು ಒರೆಸಲು ಕೂತಳು. ಅದೇ ಹೊತ್ತಿಗೆ ಬಂದ ಗಿರಾಕಿಯೊಬ್ಬಳ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಎತ್ತಿ, ನಗು ಅಂದಳು. ನೋಡಲಾಗದೆ ನಾನು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ತಂಗಿ ಸೀರೆ ಬದಲಿಸಿ ನಿಂತಿದ್ದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡೆ. ಅದೇ ಕೋಣೆ, ಅದೇ ಮೇಜು. ಪ್ರೊಫೆಸರಮ್ಮನಿಗೆ ನಮ್ಮ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ತಂಗಿ ಕೂರಲಿಲ್ಲ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ಮಾತಿನಿಂದಲೇ ಶುರುಮಾಡಿದಳು. ಆಮೇಲೆ ಅಭ್ಯಾಸ ಮಾಡದ್ದನ್ನೂ ಹೇಳಿದಳು. ಚಿಲಕ, ಮಾತ್ರೆ, ಬಚ್ಚಲುಮನೆಯ ಬಾಗಿಲು, ಒಂದನ್ನೂ ಬಿಡಲಿಲ್ಲ. “ಒಂದು ದಿನ ನಾನು ಬೇಕಂತಲೇ ಹೂಂ ಅನ್ನಲಿಲ್ಲ,” ಅಂದಳು. “ಅವಳು ಬಾಗಿಲು ತಳ್ಕೊಂಡು ಬಂದ್ಲು. ಅದಕ್ಕೇ ನಾನಿವತ್ತು ನಿಮ್ಮ ಮುಂದೆ ನಿಂತಿದೀನಿ.” ಇದು ನನಗೂ ಗೊತ್ತಿರಲಿಲ್ಲ.

ಪ್ರೊಫೆಸರಮ್ಮ ಕನ್ನಡಕ ತೆಗೆದು ಒರೆಸಿದರು. “ಮೊದಲೇ ಹೇಳಬಾರದಿತ್ತಾ ತಾಯಿ,” ಅಂದರು. “ಅವತ್ತು ಇದರಲ್ಲಿ ಒಂದೇ ಒಂದು ಮಾತು ಸಾಕಿತ್ತಲ್ಲ. ಸೀಟೆಲ್ಲ ಕೊಟ್ಟಾಯಿತು. ಸೇರಿದ ಮಗುವನ್ನ ಎಬ್ಬಿಸಿ ಕಳಿಸೋಕಾಗಲ್ಲ.” ನಮ್ಮನ್ನು ಮೆಟ್ಟಿಲ ತನಕ ಬಂದು ಬೀಳ್ಕೊಟ್ಟರು. ನಮಗಾಗಿ ಅಷ್ಟು ಮಾಡಿದ್ದೂ ಹೆಚ್ಚೇ.

ನಾವು ವಾಪಸಾದಾಗ ಅಂಗಡಿಯಲ್ಲಿ ಚಿಲ್ಟು ಒಬ್ಬಳೇ ಇದ್ದಳು. ಅಮ್ಮನ ಸೀರೆ ನೋಡಿದಳು, ನನ್ನ ಮುಖ ನೋಡಿದಳು, ಎಲ್ಲ ತಿಳಿದುಹೋಯಿತು.

“ಅವರ ಹತ್ರ ಹೇಳಿದ್ಯಾ?”

“ಹೇಳಿದೆ.”

“ಎಲ್ಲಾ?”

“ಎಲ್ಲಾ.”

“ಸೀಟು ಕೊಟ್ರಾ?”

“ಇಲ್ಲ.”

ಹುಡುಗಿಯ ಮುಖ ಕೆಂಪಗಾಯಿತು. ಅವಳು ಅಮ್ಮನ ಮೇಲೆ ಸಿಟ್ಟಾದದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

“ಮತ್ಯಾಕಮ್ಮ ಹೇಳ್ದೆ? ಯಾರಿಗೂ ಗೊತ್ತಾಗದ ಹಾಗೆ ಎಷ್ಟು ಜೋಪಾನ ಮಾಡಿದ್ದೆ ನಾನು. ಅದಕ್ಕೋಸ್ಕರ ಸೀಟೂ ಬಿಟ್ಟೆ. ಸೀಟೂ ಹೋಯ್ತು, ಅದೂ ಹೋಯ್ತಲ್ಲಮ್ಮ.”

ತಂಗಿ ಮಗಳ ಮುಂದೆ ಬಂದು ನಿಂತಳು. ಕೈ ನಡುಗುತ್ತಿತ್ತು, ಅದನ್ನು ಅಡಗಿಸಲಿಲ್ಲ.

“ನಾನಿಲ್ಲ ಅಂದ ತಕ್ಷಣ ನೀನು ಕೈ ಬಿಟ್ಟೆ ಅಂದ್ಕೊಂಡಿದ್ರು ಕಣೆ ಅವರು,” ಅಂದಳು. “ಹಾಗಂದ್ಕೊಂಡೇ ಇರಲಿ ಅಂತ ಬಿಡೋಕೆ ನನ್ನ ಕೈಲಾಗಲಿಲ್ಲ.”

ಚಿಲ್ಟು ಸ್ಟೂಲಿನ ಮೇಲೆ ಕುಸಿದು ಕೂತು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಮ್ಮ ಹಾಸಿಗೆ ಹಿಡಿದ ಆ ಇಡೀ ವರ್ಷದಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲ. ಗಿರಾಕಿಯೊಬ್ಬಳು ಬಾಗಿಲಲ್ಲಿ ನಿಂತು, ಏನಾಯಿತು ಎಂದು ಕೇಳಿದಳು. ನನ್ನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ.